ಲೆಕ್ಕದ ಹಾಳೆಯ ಸೂತ್ರ: ಎಕ್ಸೆಲ್ ಇಲ್ಲದ ಕಡೆ ಕೂಡಿಸಿ ಕಳೆಯುವವರು ಯಾರು?

ಹಾಲಿನ ಸೊಸೈಟಿಯ ಬಟವಾಡೆ, ಸಹಕಾರಿ ಸಂಘದ ಸಾಲದ ಕಂತು, ಶಾಲೆಯ ಅಂಕಪಟ್ಟಿ, ಅಡಿಕೆ ವ್ಯಾಪಾರದ ಲೆಕ್ಕ. ಕೆಂಪು ರಟ್ಟಿನ ದಪ್ಪ ಪುಸ್ತಕಗಳಲ್ಲಿದ್ದ ಇವೆಲ್ಲ ಈಗ ಕಂಪ್ಯೂಟರಿನ ಲೆಕ್ಕದ ಹಾಳೆಗೆ ಬಂದು ಕುಳಿತಿವೆ. ಗುಮಾಸ್ತರು ಒಂದು ಚೌಕದಲ್ಲಿ ಸೂತ್ರ ಬರೆದು ಎಂಟರ್ ಒತ್ತಿದರೆ ಸಾಕು, ಉತ್ತರ ಸಿದ್ಧ. ಕಚೇರಿಯ ಭಾಷೆ ಮಲಯಾಳವಿರಲಿ, ಮರಾಠಿಯಿರಲಿ, ತೆಲುಗಿರಲಿ, ಸೂತ್ರದ ಭಾಷೆ ಮಾತ್ರ ಎಲ್ಲ ಕಡೆಯೂ ಒಂದೇ.

ಆದರೆ ಅದೇ ಹಾಳೆಯನ್ನು ಸಂಘದವರು ಇಂಟರ್ನೆಟ್ ಮೂಲಕ ಮೇಲಿನ ಕಚೇರಿಗೆ ಕಳುಹಿಸಿದಾಗ ಏನಾಗುತ್ತದೆ? ದೂರದ ಊರಿನಲ್ಲಿರುವ ಸರ್ವರ್ ಯಂತ್ರದಲ್ಲಿ ಎಕ್ಸೆಲ್ ಇರುವುದಿಲ್ಲ. ಅದರ ಮುಂದೆ ಕುಳಿತು ಎಂಟರ್ ಒತ್ತುವ ಗುಮಾಸ್ತರೂ ಇರುವುದಿಲ್ಲ. ಆದರೂ ಮೊತ್ತ ಬರುತ್ತದೆ, ಬಡ್ಡಿ ಬರುತ್ತದೆ, ಕಂತು ಬರುತ್ತದೆ. ಹಾಗಾದರೆ ಅಲ್ಲಿ ಲೆಕ್ಕ ಮಾಡಿದವರು ಯಾರು? ಆ ಲೆಕ್ಕ ಗುಮಾಸ್ತರ ಲೆಕ್ಕಕ್ಕೆ ತಾಳೆಯಾಗುತ್ತದೆ ಎನ್ನುವುದಕ್ಕೆ ಏನು ಖಾತರಿ? ಹಣ ಕೊಡುವವರೂ ಪಡೆಯುವವರೂ ತಿಳಿದಿರಬೇಕಾದ ವಿಷಯ ಇದು.

ಪುಸ್ತಕವಿಲ್ಲದ ಲೈಬ್ರರಿ

ಉತ್ತರ ಇಷ್ಟೇ: ಪ್ರೋಗ್ರಾಮಿಂಗ್ ಲೈಬ್ರರಿ. ಇದು ಪುಸ್ತಕಗಳಿರುವ ಗ್ರಂಥಾಲಯವಲ್ಲ. ಒಬ್ಬರು ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು ಇನ್ನೊಬ್ಬರು ತಮ್ಮ ಕೆಲಸಕ್ಕೆ ಬಳಸಿಕೊಳ್ಳಲು ಮಾಡಿದ ಭಂಡಾರ. ಮದುವೆ ಮನೆಯವರು ಪಾತ್ರೆಗಳನ್ನು ಬಾಡಿಗೆಗೆ ತಂದು ಅಡುಗೆಯನ್ನು ತಾವೇ ಮಾಡುವಂತೆ, ಪ್ರೋಗ್ರಾಂ ಬರೆಯುವವರು ಲೈಬ್ರರಿಯನ್ನು ತಂದು ಉಳಿದದ್ದನ್ನು ತಾವೇ ಬರೆಯುತ್ತಾರೆ.

ಲೆಕ್ಕದ ಹಾಳೆಗಳನ್ನು ಓದಿ ಬರೆಯುವ ಇಂಥ ಲೈಬ್ರರಿಗಳಲ್ಲಿ ಹೆಸರಾದದ್ದು ಅಪಾಚೆ ಪಿಒಐ. ಜಾವಾ ಭಾಷೆಯಲ್ಲಿರುವ ಇದರ ಕೆಲಸ 2001ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಹೆಸರಿನಲ್ಲೇ ಒಂದು ತಮಾಷೆ ಇದೆ. ಆಗಿನ ಎಕ್ಸೆಲ್ ಕಡತದ ಒಳರಚನೆ ಬೇಕೆಂದೇ ಗೋಜಲು ಮಾಡಿದಂತಿದೆ, ಆದರೆ ಆ ಗೋಜಲನ್ನೂ ಸರಿಯಾಗಿ ಮಾಡಿಲ್ಲ ಎಂದು ಇದನ್ನು ಆರಂಭಿಸಿದವರು ಹಾಸ್ಯಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಪಿಒಐ. ಕೂಡಿಸಿ ಓದಿದರೆ 'ಪೋಯಿ'. ಮಲಯಾಳ ಬಲ್ಲ ಕಾಸರಗೋಡಿನವರಿಗೆ ಇದು 'ಹೋಯಿತು' ಎಂದು ಕೇಳಿಸಿದರೆ ತಪ್ಪಿಲ್ಲ! ಮೈಕ್ರೋಸಾಫ್ಟ್ ಕಂಪನಿ ಹಳೆಯ ಎಕ್ಸೆಲ್ ಕಡತಗಳ ರಚನೆಯ ವಿವರವನ್ನು ಎಲ್ಲರಿಗೂ ತೆರೆದಿಟ್ಟದ್ದು 2008ರಲ್ಲಿ.

ಲೆಕ್ಕದ ಹಾಳೆಯ ಕಥೆ ಇನ್ನೂ ಹಳೆಯದು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು 1979ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ತಂದರು. 1983ರಲ್ಲಿ ಲೋಟಸ್ 1-2-3 ಬಂತು, 1985ರಲ್ಲಿ ಮೆಕಿಂತೋಷ್ ಕಂಪ್ಯೂಟರಿಗೆ ಎಕ್ಸೆಲ್ ಬಂತು. ಹಳಬರ ರೂಢಿಗಳನ್ನು ಹೊಸಬರು ಹೊತ್ತುಕೊಂಡೇ ಬಂದಿದ್ದಾರೆ. ಸರಿಯಾದ ರೂಢಿಗಳ ಜೊತೆ ತಪ್ಪುಗಳೂ ಬಂದಿವೆ ಎನ್ನುವುದನ್ನು ಮುಂದೆ ನೋಡಬಹುದು.

ಸೂತ್ರವನ್ನು ಯಂತ್ರ ಓದುವ ಬಗೆ

ಒಂದು ಚೌಕದಲ್ಲಿ 'ಎ1 + ಬಿ1 × 2' ಎಂದು ಬರೆದಿದೆ ಎಂದುಕೊಳ್ಳಿ. ಮೊದಲು ಗುಣಾಕಾರ, ಆಮೇಲೆ ಸಂಕಲನ ಎಂದು ಶಾಲೆಯಲ್ಲಿ ಕಲಿತವರಿಗೆ ಗೊತ್ತು. ಯಂತ್ರಕ್ಕೆ ಅದನ್ನು ಹೇಳಿಕೊಡಬೇಕು. ಅದಕ್ಕಾಗಿ ಸೂತ್ರವನ್ನು ಮೊದಲು ತುಂಡು ತುಂಡು ಮಾಡಿ, ಬಳಿಕ ಬೇರೆ ಕ್ರಮದಲ್ಲಿ ಜೋಡಿಸುತ್ತಾರೆ: 'ಎ1, ಬಿ1, 2, ಗುಣಿಸು, ಕೂಡಿಸು'. ಅಂಕಿಗಳು ಮುಂದೆ, ಮಾಡಬೇಕಾದ ಕೆಲಸ ಹಿಂದೆ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ರೂಪಿಸಿದ ಬರಹ ಕ್ರಮವನ್ನು ತಿರುವು ಮಾಡಿದ್ದರಿಂದ ಇದನ್ನು 'ತಿರುವು ಪೋಲಿಷ್ ಕ್ರಮ' ಎನ್ನುತ್ತಾರೆ. ಹಳೆಯ ಎಕ್ಸೆಲ್ ಕಡತಗಳು ಸೂತ್ರವನ್ನು ಇದೇ ರೂಪದಲ್ಲಿ ಉಳಿಸಿಕೊಳ್ಳುತ್ತವೆ.

ಉಳಿದದ್ದು ಊಟದ ತಟ್ಟೆಗಳನ್ನು ಪೇರಿಸಿದಂತೆ. ಅಂಕಿ ಬಂದರೆ ರಾಶಿಯ ಮೇಲಿಡು. ಕೆಲಸ ಬಂದರೆ ಮೇಲಿನ ಎರಡನ್ನು ತೆಗೆದು, ಲೆಕ್ಕ ಮಾಡಿ, ಉತ್ತರವನ್ನು ಮತ್ತೆ ಮೇಲಿಡು. ಎ1ರಲ್ಲಿ 10, ಬಿ1ರಲ್ಲಿ 5 ಇದ್ದರೆ ಮೊದಲು 5 ಮತ್ತು 2 ಸೇರಿ 10, ಆಮೇಲೆ 10 ಮತ್ತು 10 ಸೇರಿ 20. ಕೊನೆಗೆ ರಾಶಿಯಲ್ಲಿ ಉಳಿಯುವ ಒಂದೇ ತಟ್ಟೆ ಉತ್ತರ.

ಇಲ್ಲಿಯೂ ಎಚ್ಚರ ಬೇಕು. 'ಮೈನಸ್ 2ರ ವರ್ಗ' ಎಂದು ಸೂತ್ರ ಬರೆದರೆ ಎಕ್ಸೆಲ್ ಮೊದಲು ಮೈನಸ್ ಚಿಹ್ನೆಯನ್ನು 2ಕ್ಕೆ ಅಂಟಿಸಿ, ಬಳಿಕ ವರ್ಗ ಮಾಡಿ, 4 ಎನ್ನುತ್ತದೆ. ಪೈಥಾನ್ ಭಾಷೆ ಮೊದಲು ವರ್ಗ ಮಾಡಿ, ಬಳಿಕ ಮೈನಸ್ ಹಾಕಿ, ಮೈನಸ್ 4 ಎನ್ನುತ್ತದೆ. ಎಕ್ಸೆಲ್ ಹಾಳೆಯನ್ನು ಓದುವ ಲೈಬ್ರರಿ ಎಕ್ಸೆಲ್ ದಾರಿಯನ್ನೇ ಹಿಡಿಯಬೇಕು. ಗಣಿತ ಪುಸ್ತಕ ಏನು ಹೇಳುತ್ತದೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಹಾಳೆ ಬರೆದವರು ತಮ್ಮ ಪರದೆಯಲ್ಲಿ ಏನನ್ನು ಕಂಡಿದ್ದರೋ ಅದೇ ಬರಬೇಕು.

ಖಾಲಿ ಚೌಕ ಸೊನ್ನೆಯಲ್ಲ

ಮೊತ್ತಕ್ಕೆ ಸಮ್, ಸರಾಸರಿಗೆ ಆವರೇಜ್, ಷರತ್ತಿಗೆ ಇಫ್, ಹುಡುಕಲು ವಿಲುಕಪ್. ಇಂಥ ಸಿದ್ಧ ಸೂತ್ರಗಳಿಗೆ ಫಂಕ್ಷನ್ ಎಂದು ಹೆಸರು. ಎಕ್ಸೆಲ್‌ನಲ್ಲಿ ಇವು ನಾನೂರಕ್ಕೂ ಹೆಚ್ಚು. ಲೈಬ್ರರಿ ಬರೆಯುವವರು ಒಂದೊಂದನ್ನೂ ಹೊಸದಾಗಿ ಬರೆಯಬೇಕು. ಕೂಡಿಸುವುದರಲ್ಲಿ ಏನು ಕಷ್ಟ ಎನ್ನಬಹುದು. ಕೂಡಿಸುವುದು ಕಷ್ಟವಲ್ಲ, ಯಾವುದನ್ನು ಕೂಡಿಸಬಾರದು ಎಂದು ತಿಳಿಯುವುದೇ ಕಷ್ಟ.

ಉದಾಹರಣೆಗೆ, ಒಬ್ಬ ರೈತ ವಾರದಲ್ಲಿ ಐದು ದಿನ 8, 7, 9, 8, 8 ಲೀಟರ್ ಹಾಲು ಹಾಕಿದ್ದಾರೆ. ಎರಡು ದಿನದ ಚೌಕ ಖಾಲಿ. ಎಕ್ಸೆಲ್‌ನ ಆವರೇಜ್ ಖಾಲಿ ಚೌಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 40ನ್ನು 5ರಿಂದ ಭಾಗಿಸಿ 8 ಎನ್ನುತ್ತದೆ. ಪ್ರೋಗ್ರಾಂ ಬರೆದವರು ಖಾಲಿ ಎಂದರೆ ಸೊನ್ನೆ ಎಂದುಕೊಂಡರೆ 40ನ್ನು 7ರಿಂದ ಭಾಗಿಸಿದಂತಾಗಿ 5.71 ಬರುತ್ತದೆ. ಆ ಸರಾಸರಿಯ ಮೇಲೆ ಬೋನಸ್ ಕೊಡುವುದಿದ್ದರೆ ನಷ್ಟ ರೈತನಿಗೆ. ಗಮನಿಸಿ, ಅದೇ ಖಾಲಿ ಚೌಕವನ್ನು ಕೂಡಿಸುವ ಚಿಹ್ನೆ ಬಳಸಿ ಕೂಡಿಸಿದರೆ ಎಕ್ಸೆಲ್ ಅದನ್ನು ಸೊನ್ನೆ ಎಂದೇ ಎಣಿಸುತ್ತದೆ!

ಅಕ್ಷರವಾಗಿ ನಮೂದಾದ ಅಂಕಿಯದ್ದೂ ಇದೇ ಪಾಡು. ಮೂರು ಚೌಕಗಳಲ್ಲಿ 250, 300, 150 ಇದೆ. ಆದರೆ ಕೊನೆಯ 150 ಅಂಕಿಯಾಗಿ ಅಲ್ಲ, ಪಠ್ಯವಾಗಿ ನಮೂದಾಗಿದೆ. ಮೂರೂ ಚೌಕಗಳನ್ನು ಒಟ್ಟಾಗಿ ಸಮ್ ಫಂಕ್ಷನ್‌ಗೆ ಕೊಟ್ಟರೆ ಅದು ಪಠ್ಯವನ್ನು ಬಿಟ್ಟು 550 ಎನ್ನುತ್ತದೆ. ಒಂದೊಂದನ್ನೇ ಕೂಡಿಸುವ ಚಿಹ್ನೆಯಿಂದ ಕೂಡಿಸಿದರೆ ಪಠ್ಯವನ್ನು ಅಂಕಿಯಾಗಿ ಬದಲಿಸಿಕೊಂಡು 700 ಎನ್ನುತ್ತದೆ. ಎರಡೂ ಎಕ್ಸೆಲ್‌ನದೇ ನಿಯಮ. ಲೈಬ್ರರಿ ಎರಡನ್ನೂ ಹಾಗೆಯೇ ಪಾಲಿಸಬೇಕು.

ಇಫ್ ಫಂಕ್ಷನ್‌ನ ಗುಟ್ಟು ಬೇರೆ. 'ಬಿ1 ಸೊನ್ನೆಯಾದರೆ 0 ಕೊಡು, ಇಲ್ಲದಿದ್ದರೆ ಎ1ನ್ನು ಬಿ1ರಿಂದ ಭಾಗಿಸು' ಎಂಬ ಸೂತ್ರವಿದೆ ಎನ್ನಿ. ಲೈಬ್ರರಿ ಆತುರಪಟ್ಟು ಎರಡೂ ಭಾಗಗಳನ್ನು ಮೊದಲೇ ಲೆಕ್ಕ ಮಾಡಿದರೆ ಸೊನ್ನೆಯಿಂದ ಭಾಗಿಸಿದ ದೋಷ ಹುಟ್ಟುತ್ತದೆ. ಮೊದಲು ಷರತ್ತು ನೋಡಬೇಕು, ಬಳಿಕ ಬೇಕಾದ ಭಾಗವನ್ನು ಮಾತ್ರ ಲೆಕ್ಕ ಮಾಡಬೇಕು.

ಐವತ್ತು ಪೈಸೆ ಯಾವ ಕಡೆಗೆ?

102 ರೂಪಾಯಿ 50 ಪೈಸೆಯನ್ನು ಹತ್ತಿರದ ರೂಪಾಯಿಗೆ ತಂದರೆ ಎಷ್ಟು? ಎಕ್ಸೆಲ್‌ನ ರೌಂಡ್ ಫಂಕ್ಷನ್ 103 ಎನ್ನುತ್ತದೆ. ಪೈಥಾನ್ 3 ಭಾಷೆಯ ಅದೇ ಹೆಸರಿನ ಫಂಕ್ಷನ್ 102 ಎನ್ನುತ್ತದೆ, ಏಕೆಂದರೆ ಸರಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. ಇದರಲ್ಲಿ ಯಾವುದೂ ತಪ್ಪಲ್ಲ. ಯಾವಾಗಲೂ ಮೇಲಕ್ಕೇ ಏರಿಸಿದರೆ ಒಟ್ಟು ಮೊತ್ತ ಉಬ್ಬುತ್ತದೆ ಎಂಬ ಕಾರಣಕ್ಕೆ ಆ ಕ್ರಮ ಬಂದದ್ದು. ಆದರೆ ಎಕ್ಸೆಲ್ ಹಾಳೆಯ ಸೂತ್ರವನ್ನು ಪೈಥಾನ್‌ನಲ್ಲಿ ಬರೆಯುವವರು ಹೆಸರು ಒಂದೇ ಇದೆಯಲ್ಲ ಎಂದು ಅದನ್ನೇ ಬಳಸಿದರೆ ಕೆಲವರ ಖಾತೆಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಕಂಪ್ಯೂಟರ್ ಅಂಕಿಗಳನ್ನು ಸೊನ್ನೆ ಮತ್ತು ಒಂದರಲ್ಲಿ ಬರೆದುಕೊಳ್ಳುವುದರಿಂದ 1.005 ಎಂಬ ಅಂಕಿ ಅದರೊಳಗೆ ಕೂದಲೆಳೆಯಷ್ಟು ಕಡಿಮೆಯಾಗಿಯೇ ಇರುತ್ತದೆ. ಎರಡು ದಶಮಾಂಶಕ್ಕೆ ತಂದರೆ ಎಕ್ಸೆಲ್ 1.01 ಕೊಡುತ್ತದೆ. ನೂರರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಮತ್ತೆ ನೂರರಿಂದ ಭಾಗಿಸುವ ಸುಲಭದ ದಾರಿ ಹಿಡಿದ ಪ್ರೋಗ್ರಾಂ 1.00 ಕೊಡುತ್ತದೆ. ಅಂಕಿಯನ್ನು ಮೊದಲು ದಶಮಾಂಶ ರೂಪಕ್ಕೆ ತಂದು, ಆಮೇಲೆ ಕತ್ತರಿಸುವುದೇ ಇದಕ್ಕೆ ಮದ್ದು.

ಸಾಲದ ಕಂತಿನ ಲೆಕ್ಕ

ಸಾಲಗಾರರಿಗೆ ನೇರವಾಗಿ ತಾಗುವ ಫಂಕ್ಷನ್ ಪಿಎಂಟಿ. ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, 12 ಮಾಸಿಕ ಕಂತು ಎಂದುಕೊಳ್ಳಿ. ತಿಂಗಳ ಬಡ್ಡಿ ಶೇ. 1. ಪ್ರತಿ ತಿಂಗಳ ಕೊನೆಗೆ ಕಟ್ಟಿದರೆ ಕಂತು 8,884 ರೂ. 88 ಪೈಸೆ. ತಿಂಗಳ ಆರಂಭದಲ್ಲೇ ಕಟ್ಟುವುದಾದರೆ 8,796 ರೂ. 91 ಪೈಸೆ. ಆರಂಭವೋ ಕೊನೆಯೋ ಎಂದು ತಿಳಿಸಲು ಈ ಫಂಕ್ಷನ್‌ನಲ್ಲಿ ಕೊನೆಯ ಒಂದು ಅಂಕಿ ಇದೆ: 0 ಅಥವಾ 1. ಬರೆಯದೆ ಬಿಟ್ಟರೆ 0 ಎಂದೇ ಅರ್ಥ. ಆ ಒಂದು ಅಂಕಿಯನ್ನು ಲೈಬ್ರರಿ ಮರೆತರೆ ಪ್ರತಿ ಕಂತಿಗೂ ಸುಮಾರು 88 ರೂಪಾಯಿ ವ್ಯತ್ಯಾಸ.

ಬಡ್ಡಿಯಿಲ್ಲದ ಸಾಲವಾದರೆ? ಸಾಮಾನ್ಯ ಸೂತ್ರದಲ್ಲಿ ಬಡ್ಡಿ ದರ ಸೊನ್ನೆ ಎಂದಿಟ್ಟರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಲೆಕ್ಕ ಕೆಡುತ್ತದೆ. ಆದ್ದರಿಂದ ದರ ಸೊನ್ನೆಯಾದರೆ ಅಸಲನ್ನು ಕಂತುಗಳಿಂದ ಭಾಗಿಸಿ 8,333 ರೂ. 33 ಪೈಸೆ ಕೊಡು ಎಂದು ಬೇರೆಯಾಗಿಯೇ ಬರೆಯಬೇಕು. ಇನ್ನೊಂದು ಮಾತು: ಪಿಎಂಟಿ ಉತ್ತರದ ಮುಂದೆ ಮೈನಸ್ ಚಿಹ್ನೆ ಇರುತ್ತದೆ. ಕೈಗೆ ಬರುವ ಹಣ ಪ್ಲಸ್, ಕೈಬಿಟ್ಟು ಹೋಗುವ ಹಣ ಮೈನಸ್ ಎಂಬುದು ಅದರ ರೂಢಿ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಕ್ಯಾಲೆಂಡರಿನಲ್ಲಿ ಇಲ್ಲದ ದಿನ

ಎಕ್ಸೆಲ್ ದಿನಾಂಕಗಳನ್ನು ಅಂಕಿಯಾಗಿಯೇ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಎಂದರೆ 1. ಅಲ್ಲಿಂದ ಎಣಿಸುತ್ತಾ ಬಂದರೆ 60ನೆಯ ದಿನ 1900ರ ಫೆಬ್ರವರಿ 29 ಎನ್ನುತ್ತದೆ. ಆದರೆ 1900 ಅಧಿಕ ವರ್ಷವೇ ಅಲ್ಲ! ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಲೋಟಸ್ 1-2-3ರಲ್ಲಿದ್ದ ಈ ತಪ್ಪನ್ನು, ಅದರ ಹಾಳೆಗಳು ಹೊಂದಿಕೊಳ್ಳಲಿ ಎಂದು ಎಕ್ಸೆಲ್ ಹಾಗೆಯೇ ಇಟ್ಟುಕೊಂಡಿತು. ಇಂದಿಗೂ ತಿದ್ದಿಲ್ಲ. ತಿದ್ದಿದರೆ ಜಗತ್ತಿನ ಹಳೆಯ ಹಾಳೆಗಳಲ್ಲಿರುವ ದಿನಾಂಕಗಳೆಲ್ಲ ಒಂದು ದಿನ ಸರಿದುಬಿಡುತ್ತವೆ.

ಗಡಿನಾಡಿನವರಿಗೆ ಮರೆಯಲಾಗದ ದಿನ 1956ರ ನವೆಂಬರ್ 1. ರಾಜ್ಯಗಳು ಭಾಷೆಯ ಆಧಾರದಲ್ಲಿ ಹೊಸದಾಗಿ ರೂಪುಗೊಂಡ ದಿನ ಅದು. ಎಕ್ಸೆಲ್ ಲೆಕ್ಕದಲ್ಲಿ ಅದರ ಸಂಖ್ಯೆ 20760. ಲೈಬ್ರರಿ ಬರೆದವರು ಪ್ರಾಮಾಣಿಕವಾಗಿ ಸರಿಯಾದ ಕ್ಯಾಲೆಂಡರನ್ನು ಅನುಸರಿಸಿದರೆ ಅದೇ 20760 ನವೆಂಬರ್ 2 ಆಗುತ್ತದೆ. ತಪ್ಪನ್ನು ತಪ್ಪಾಗಿಯೇ ನಕಲು ಮಾಡಿದರೆ ಮಾತ್ರ ಉತ್ತರ ಸರಿ. ಮೆಕಿಂತೋಷ್ ಕಂಪ್ಯೂಟರಿನ ಹಳೆಯ ಹಾಳೆಗಳು 1904ರಿಂದ ಎಣಿಸುತ್ತವೆ. ಅದನ್ನು ಗಮನಿಸದಿದ್ದರೆ ದಿನಾಂಕ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ ಹಿಂದಕ್ಕೆ ಹೋಗುತ್ತದೆ.

'ಕನ್ನಡ' ಎಷ್ಟಕ್ಷರ?

ಪಠ್ಯದ ಉದ್ದ ಎಣಿಸುವ ಫಂಕ್ಷನ್ ಲೆನ್. 'ಕನ್ನಡ' ಎಂಬ ಪದ ಕೊಟ್ಟರೆ ಉತ್ತರ 5. ಮೂರಕ್ಷರ ಎಂದು ಎಣಿಸುವ ನಮಗೆ ಇದು ವಿಚಿತ್ರ. ಯುನಿಕೋಡ್‌ನಲ್ಲಿ ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ ಹೀಗೆ ಐದು ಸಂಕೇತಗಳಿವೆ. ಯಂತ್ರ ಎಣಿಸುವುದು ಅವನ್ನು. 'ಕ್ಷೇತ್ರ' ಎರಡೇ ಅಕ್ಷರ, ಆದರೆ ಲೆನ್ ಕೊಡುವುದು 7. ಮೊದಲಕ್ಷರ ಬೇಕೆಂದು ಕೇಳಿದರೆ 'ಕ್ಷೇ' ಬರುವುದಿಲ್ಲ, ಬರೇ 'ಕ' ಬರುತ್ತದೆ. ಮಲಯಾಳ, ತಮಿಳು, ತೆಲುಗು, ಮರಾಠಿ ಬರಹದಲ್ಲೂ ಇದೇ ತೊಡಕು.

'ಕಾಸರಗೋಡು' ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ 8 ಸಂಕೇತಗಳು. 'ಗೋ' ಅಕ್ಷರದ ಓ ಸ್ವರ ಚಿಹ್ನೆಯನ್ನು ಬಿಡಿ ಬಿಡಿಯಾಗಿ ಮೂರು ತುಂಡುಗಳಲ್ಲಿ ಬರೆಯಲೂ ಯುನಿಕೋಡ್‌ನಲ್ಲಿ ಅವಕಾಶವಿದೆ. ಆಗ 10 ಸಂಕೇತಗಳಾಗುತ್ತವೆ. ಕಣ್ಣಿಗೆ ಎರಡೂ ಒಂದೇ. ಆದರೆ ಸಂಕೇತಕ್ಕೆ ಸಂಕೇತ ಹೋಲಿಸುವ ಪ್ರೋಗ್ರಾಂಗೆ ಅವು ಬೇರೆ ಬೇರೆ ಊರುಗಳು! ಪಟ್ಟಿಯಲ್ಲಿ ಹೆಸರಿದ್ದೂ 'ಸಿಗಲಿಲ್ಲ' ಎಂದು ಉತ್ತರ ಬರಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಪ್ರೋಗ್ರಾಂ ಬರೆಯುವವರ ಜವಾಬ್ದಾರಿ.

ಕನ್ನಡ ಅಂಕಿಗಳದ್ದೂ ಒಂದು ಕಥೆ. ಜಾವಾ ಭಾಷೆ ಪೂರ್ಣಾಂಕ ಓದುವಾಗ ೧೫೦ ಎಂದರೆ ಅರ್ಥ ಮಾಡಿಕೊಳ್ಳುತ್ತದೆ. ದಶಮಾಂಶ ಓದುವ ಅದರ ಸಾಮಾನ್ಯ ವಿಧಾನಕ್ಕೆ ೧೫೦.೫೦ ಕೊಟ್ಟರೆ ದೋಷ ಎನ್ನುತ್ತದೆ. ನಮ್ಮ ಅಂಕಿಗಳನ್ನು ಬಳಸುವ ಹಾಳೆ ಬರಬಹುದು ಎಂದು ಮೊದಲೇ ಯೋಚಿಸಿ ಬರೆದರಷ್ಟೇ ಇದು ಸರಿಹೋಗುತ್ತದೆ.

ತಪ್ಪಿದರೆ ಏನಾಗುತ್ತದೆ?

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರು ಸರಕಾರಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಬರೆದ ಪ್ರಬಂಧ ಹಲವು ದೇಶಗಳ ಚರ್ಚೆಯಲ್ಲಿ ಬಳಕೆಯಾಯಿತು. ಅವರ ಎಕ್ಸೆಲ್ ಹಾಳೆಯ ಸರಾಸರಿ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು ಎಂದು 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಕಂಡುಹಿಡಿದ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕು ಶತಕೋಟಿಗಟ್ಟಲೆ ಡಾಲರ್ ಕಳೆದುಕೊಂಡ ಪ್ರಕರಣದಲ್ಲೂ, ಅಪಾಯವನ್ನು ಅಳೆಯುವ ಹಾಳೆಯಲ್ಲಿ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಲಾಗಿತ್ತು ಎಂದು ಬ್ಯಾಂಕಿನದೇ ವರದಿ ಹೇಳಿತು.

ಇವು ಹಾಳೆ ಬರೆದವರ ತಪ್ಪುಗಳು. ಒಂದು ಹಾಳೆಯ ತಪ್ಪು ಆ ಹಾಳೆಗೆ ಮಾತ್ರ. ಫಂಕ್ಷನ್ ಬರೆದವರ ತಪ್ಪು ಅದನ್ನು ಬಳಸುವ ಎಲ್ಲ ಹಾಳೆಗಳಿಗೂ ಹರಡುತ್ತದೆ. ಸ್ವತಃ ಎಕ್ಸೆಲ್ ಕೂಡ ಇದಕ್ಕೆ ಹೊರತಲ್ಲ. ಎಕ್ಸೆಲ್ 2007ರಲ್ಲಿ 850ನ್ನು 77.1ರಿಂದ ಗುಣಿಸಿದರೆ 65,535 ಎನ್ನುವ ಬದಲು 1,00,000 ಎಂದು ಕಾಣಿಸುತ್ತಿತ್ತು. ಒಳಗಿನ ಲೆಕ್ಕ ಸರಿಯಿತ್ತು, ತೋರಿಸುವಲ್ಲಿ ಎಡವಟ್ಟಾಗಿತ್ತು. 2007ರ ಅಕ್ಟೋಬರಿನಲ್ಲಿ ಕಂಪನಿ ಅದನ್ನು ಸರಿಪಡಿಸಿತು.

ತಾಳೆ ನೋಡುವ ಕ್ರಮ

ಪಿಒಐ ಬರೆಯುವವರು ಇದಕ್ಕೆ ಮಾಡಿಕೊಂಡ ಉಪಾಯ ಸರಳ. ಎಕ್ಸೆಲ್‌ನಲ್ಲೇ ಸೂತ್ರಗಳನ್ನು ಬರೆದು, ಎಕ್ಸೆಲ್ ಕೊಟ್ಟ ಉತ್ತರಗಳ ಸಮೇತ ಪರೀಕ್ಷೆಯ ಹಾಳೆ ಮಾಡಿ ಇಟ್ಟಿದ್ದಾರೆ. ಪ್ರೋಗ್ರಾಂನಲ್ಲಿ ಏನೇ ಬದಲಾದರೂ ಆ ಹಾಳೆಯನ್ನು ಮತ್ತೆ ಲೆಕ್ಕ ಮಾಡಿಸಿ, ಉತ್ತರಗಳನ್ನು ತಾಳೆ ನೋಡುತ್ತಾರೆ. ಲೈಬ್ರರಿಯಲ್ಲಿ ಇನ್ನೂ ಬರೆಯದ ಫಂಕ್ಷನ್ ಎದುರಾದರೆ ಏನೋ ಒಂದು ಉತ್ತರ ಕೊಟ್ಟು ಜಾರಿಕೊಳ್ಳುವುದಿಲ್ಲ. 'ಇದನ್ನು ಇನ್ನೂ ಬರೆದಿಲ್ಲ' ಎಂದು ಕೆಲಸ ನಿಲ್ಲಿಸಿ ಹೇಳುತ್ತದೆ. ಬೇಕಾದವರು ಆ ಫಂಕ್ಷನನ್ನು ತಾವೇ ಬರೆದು ಸೇರಿಸಿಕೊಳ್ಳಲು ದಾರಿ ಇದೆ. ತಪ್ಪು ಉತ್ತರಕ್ಕಿಂತ 'ಗೊತ್ತಿಲ್ಲ' ಎನ್ನುವುದು ಹಣದ ಲೆಕ್ಕದಲ್ಲಿ ಎಷ್ಟೋ ಮೇಲು.

ಇನ್ನೊಂದು ಅಪಾಯ ಹಳೆಯ ಉತ್ತರದ್ದು. ಎಕ್ಸೆಲ್ ಕಡತ ಸೂತ್ರದ ಜೊತೆ ಕೊನೆಯ ಉತ್ತರವನ್ನೂ ಉಳಿಸಿಕೊಂಡಿರುತ್ತದೆ. ಪ್ರೋಗ್ರಾಂ ಒಂದು ಚೌಕದ ಅಂಕಿ ಬದಲಿಸಿ, ಮರುಲೆಕ್ಕ ಮಾಡಲು ಮರೆತರೆ ಹಾಲು ಹೊಸದು, ಮೊತ್ತ ಹಳೆಯದು ಎಂಬಂತಾಗುತ್ತದೆ. ಒಂದು ಚೌಕ ಬದಲಾದರೆ ಅದನ್ನು ಅವಲಂಬಿಸಿದ ಚೌಕಗಳನ್ನೆಲ್ಲ ಮತ್ತೆ ಲೆಕ್ಕ ಮಾಡಲೇಬೇಕು.

ಮಂಡಳಿಯ ಸದಸ್ಯರಾಗಲಿ ಸಾಲಗಾರರಾಗಲಿ ಪ್ರೋಗ್ರಾಂ ಬರೆಯಬೇಕಿಲ್ಲ. ಪರೀಕ್ಷೆಗೆಂದು ಹತ್ತು ಸಾಲಿನ ಒಂದು ಚಿಕ್ಕ ಹಾಳೆ ಸಾಕು. ಅದರಲ್ಲಿ ಒಂದು ಖಾಲಿ ಚೌಕ, ಪಠ್ಯವಾಗಿ ನಮೂದಾದ ಒಂದು ಅಂಕಿ, 50 ಪೈಸೆಗೆ ಮುಗಿಯುವ ಒಂದು ಮೊತ್ತ, ಒಂದು ಹಳೆಯ ದಿನಾಂಕ, ಕನ್ನಡದಲ್ಲಿ ಬರೆದ ಒಂದು ಊರಿನ ಹೆಸರು ಇರಲಿ. ಎಕ್ಸೆಲ್ ಅಥವಾ ಬಿಟ್ಟಿಯಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲಿ ಬಂದ ಉತ್ತರಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಅದೇ ಹಾಳೆಯನ್ನು ಹೊಸ ವ್ಯವಸ್ಥೆಗೆ ಏರಿಸಿ ನೋಡಬಹುದು. 8 ಬರಬೇಕಾದಲ್ಲಿ 5.71 ಬಂದರೆ, ವರ್ಷದ ಲೆಕ್ಕ ಮುಗಿಯುವ ಮೊದಲೇ ಆ ಕಾಗದ ಹಿಡಿದು ಕಾರ್ಯದರ್ಶಿಯವರನ್ನು ಕೇಳಬೇಕು.